ಆಸ್ಪ್ರೇಗಳ ವಸಂತದ ಹಾದಿ: ಪ್ಲೈವುಡ್ ಹಲಗೆಯ ಮೇಲೊಂದು ದೀಪದ ನಕ್ಷೆ

ಅಮೆರಿಕದ ಕನೆಕ್ಟಿಕಟ್ ನದಿ ಸಮುದ್ರ ಸೇರುವಲ್ಲಿ, ಓಲ್ಡ್ ಲೈಮ್ ಊರಿನ ಅಂಚಿಗೆ, ಗ್ರೇಟ್ ಐಲೆಂಡ್ ಎಂಬ ಉಪ್ಪುನೀರಿನ ಜೌಗುಭೂಮಿ ಇದೆ. ಪ್ರತಿ ವರ್ಷ ಮಾರ್ಚ್ ತಿಂಗಳ ದ್ವಿತೀಯಾರ್ಧದಲ್ಲಿ ಅಲ್ಲಿನ ಕಂಬಗಳ ಮೇಲಿನ ಗೂಡುಗಳಿಗೆ ಆಸ್ಪ್ರೇಗಳು ಒಂದೊಂದಾಗಿ ಮರಳತೊಡಗುತ್ತವೆ. ಮೀನನ್ನೇ ನಂಬಿ ಬದುಕುವ ಈ ಗಿಡುಗವನ್ನು ನಾನು ಮೊದಲು ಕಂಡದ್ದು ಕಾರವಾರದಲ್ಲಿ, ಕಾಳಿ ನದಿಯ ಅಳಿವೆಯಲ್ಲಿ. ಅಲ್ಲಿ ಅದು ಚಳಿಗಾಲ ಕಳೆಯಲು ಬರುವ ಹಕ್ಕಿ. ಬೇಸಗೆ ಕಾಲಿಡುತ್ತಿದ್ದಂತೆ ಉತ್ತರಕ್ಕೆ ಹೊರಟುಬಿಡುತ್ತದೆ. ಕನೆಕ್ಟಿಕಟ್‌ಗೆ ಬಂದು ನೆಲೆಸಿದ ಮೇಲೆ, ಅದೇ ಋತುವಿನಲ್ಲಿ ಅದೇ ಜಾತಿಯ ಹಕ್ಕಿಗಳು ದಕ್ಷಿಣ ಅಮೆರಿಕದಿಂದ ಬಂದಿಳಿಯುವುದನ್ನು ನೋಡತೊಡಗಿದೆ. ಹೋಗುವುದನ್ನೂ ನೋಡಿದ್ದೆ, ಬರುವುದನ್ನೂ ನೋಡಿದ್ದೆ. ನಡುವಿನ ದಾರಿಯನ್ನು ಮಾತ್ರ ಕಂಡಿರಲಿಲ್ಲ. ಊರಿನ ಮಕ್ಕಳಿಗೂ ನನಗೂ ಆ ದಾರಿ ಕಣ್ಣಿಗೆ ಕಾಣಬೇಕೆಂದು ಕಟ್ಟಿದ್ದೇ ಈ ಹಲಗೆ.

ವಸ್ತು ಸರಳವಾಗಿದೆ. 4 ಮಿಲಿಮೀಟರ್ ದಪ್ಪದ ಪ್ಲೈವುಡ್ ಹಾಳೆಯ ಮೇಲೆ ಭೂಪಟ, ಭೂಪಟದಲ್ಲಿ ಕೊರೆದ ರಂಧ್ರಗಳು, ಪ್ರತಿ ರಂಧ್ರದಲ್ಲಿ ಒಂದು ಎಲ್‌ಇಡಿ ದೀಪ, ಹಿಂದೆ ಒಂದು ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್. ಉಪಗ್ರಹದ ಮೂಲಕ ಹಿಂದೊಮ್ಮೆ ಹಿಂಬಾಲಿಸಿದ ಒಂದು ಗಂಡು ಹಕ್ಕಿಯ ದತ್ತಾಂಶವನ್ನು ಸಂಶೋಧಕರೊಬ್ಬರಿಂದ ಕೇಳಿ ಪಡೆದಿದ್ದೆ. ಆ ಹಕ್ಕಿಯ ಒಂದು ವಸಂತದ ಪ್ರಯಾಣವನ್ನು, ಒಂದು ದಿನಕ್ಕೆ 10 ಸೆಕೆಂಡಿನಂತೆ, ದೀಪಗಳು ಬೆಳಗಿ ತೋರಿಸಬೇಕು. ಮರದ ಕೆಲಸಕ್ಕೆ ಎರಡು ವಾರಾಂತ್ಯ ಹಿಡಿದವು, ವಿದ್ಯುತ್ತಿನ ಕೆಲಸಕ್ಕೆ ಒಂದು. ಹಕ್ಕಿಯನ್ನು ಸರಿಯಾದ ಜಾಗದಲ್ಲಿ, ಸರಿಯಾದ ಹೊತ್ತಿನಲ್ಲಿ ಇಡುವುದಕ್ಕೆ ಇಡೀ ಚಳಿಗಾಲ ಹಿಡಿಯಿತು.

ಅಳತೆಯಿಂದ ಆರಂಭಿಸುತ್ತೇನೆ. ದಕ್ಷಿಣ ಅಕ್ಷಾಂಶ 10 ಡಿಗ್ರಿಯಿಂದ ಉತ್ತರ ಅಕ್ಷಾಂಶ 45 ಡಿಗ್ರಿಯವರೆಗೆ, ಪಶ್ಚಿಮ ರೇಖಾಂಶ 85ರಿಂದ 45ರವರೆಗೆ ಭೂಪಟ ಬೇಕಿತ್ತು. ಒಂದು ಡಿಗ್ರಿಗೆ 2 ಸೆಂಟಿಮೀಟರ್ ಎಂದು ಇಟ್ಟುಕೊಂಡರೆ ಹಲಗೆ 110 ಸೆಂಟಿಮೀಟರ್ ಎತ್ತರ, 80 ಸೆಂಟಿಮೀಟರ್ ಅಗಲ ಆಗುತ್ತದೆ. ಅಕ್ಷಾಂಶದ ಒಂದು ಡಿಗ್ರಿ ಎಂದರೆ ಸುಮಾರು 111 ಕಿಲೋಮೀಟರ್. ಡಿಗ್ರಿಗೊಂದು ರಂಧ್ರವಾದ್ದರಿಂದ, ಒಂದು ರಂಧ್ರದಿಂದ ಮೇಲಿನ ರಂಧ್ರಕ್ಕೆ ಹಕ್ಕಿ ಏರಿತೆಂದರೆ ಹೆಚ್ಚುಕಡಿಮೆ ಬೆಂಗಳೂರಿನಿಂದ ಮೈಸೂರಿನ ಹತ್ತಿರಕ್ಕೆ ಬಂದಂತೆ ಎಂದು ಮನೆಯಲ್ಲಿ ವಿವರಿಸಿದೆ. ಇಡೀ ಭೂಪಟದಲ್ಲಿ ರಂಧ್ರ ಕೊರೆಯುವ ಅಗತ್ಯ ಇರಲಿಲ್ಲ. ಈ ಕರಾವಳಿಯ ಆಸ್ಪ್ರೇಗಳು ಸಾಗುವ ದಾರಿಯನ್ನು ಮಾರ್ಕ್ ಮಾರ್ಟೆಲ್, ರಾಬ್ ಬೀರ್‌ಗಾರ್ಡ್ ಮೊದಲಾದ ಸಂಶೋಧಕರು 1990ರ ದಶಕದಿಂದಲೇ ಉಪಗ್ರಹದ ನೆರವಿನಿಂದ ಗುರುತಿಸುತ್ತ ಬಂದಿದ್ದಾರೆ: ಅಮೆಜಾನ್ ಜಲಾನಯನ ಪ್ರದೇಶದಿಂದ ಉತ್ತರಕ್ಕೆ ಹೊರಟು ವೆನೆಜುವೆಲ, ಕೊಲಂಬಿಯಾಗಳ ಕರಾವಳಿ, ಅಲ್ಲಿಂದ ಕೆರಿಬಿಯನ್ ಸಮುದ್ರ ದಾಟಿ ಹಿಸ್ಪಾನಿಯೋಲ ದ್ವೀಪ, ಕ್ಯೂಬಾ, ಫ್ಲಾರಿಡಾ, ಆಮೇಲೆ ಅಟ್ಲಾಂಟಿಕ್ ಕರಾವಳಿಯ ಗುಂಟ ಮೇಲಕ್ಕೆ. ಆ ಪಟ್ಟಿಯಲ್ಲಿ ಮಾತ್ರ 100 ರಂಧ್ರಗಳನ್ನು ಗುರುತು ಹಾಕಿಕೊಂಡೆ.

ಮೊದಲ ಪೆಟ್ಟು ಬಿದ್ದದ್ದು ಅಂಟಿನಿಂದ. ನೀರು ಬೆರೆಸಿದ ಮರದ ಅಂಟನ್ನು ಸವರಿ ಮುದ್ರಿತ ಭೂಪಟವನ್ನು ಅಂಟಿಸಿದೆ. ಒದ್ದೆಯಾದ ಕಾಗದ ಹಿಗ್ಗಿತು. ಕೆಳಗಿನ ಅಂಚನ್ನು ಸರಿಯಾಗಿ ಕೂರಿಸಿದ್ದೆನಾದ್ದರಿಂದ ಬ್ರೆಜಿಲ್ ನೆಟ್ಟಗೆ ಕುಳಿತಿತ್ತು, ಕ್ಯೂಬಾ ತುಸು ಸರಿದಿತ್ತು, ಕನೆಕ್ಟಿಕಟ್‌ಗೆ ಬರುವಷ್ಟರಲ್ಲಿ ವ್ಯತ್ಯಾಸ 9 ಮಿಲಿಮೀಟರ್ ಆಗಿತ್ತು. ಹಲಗೆಯ ಲೆಕ್ಕದಲ್ಲಿ ಅದು 50 ಕಿಲೋಮೀಟರ್. ಅಂದರೆ ನದೀಮುಖದ ಗೂಡು ಒಳನಾಡಿನ ಗುಡ್ಡಗಳಿಗೆ ಸರಿದುಹೋಗಿತ್ತು. ಕಾಗದವನ್ನು ಕೆರೆದು ತೆಗೆದು, ಎರಡನೆಯ ಪ್ರತಿಯನ್ನು ಸ್ಪ್ರೇ ಅಂಟಿನಿಂದ ಒಣದಾಗಿ ಅಂಟಿಸಿದೆ. ಇಂಥ ಕೆಲಸ ಮಾಡುವವರು ಮೊದಲೇ ಹಾಗೆ ಮಾಡುವುದು ಒಳ್ಳೆಯದು. ರಂಧ್ರ ಕೊರೆಯುವಾಗ ಹಲಗೆಯ ಹಿಂದೆ ಒಂದು ಹಳೆಯ ಮರದ ತುಂಡನ್ನು ಬಿಗಿದು, ಮುಂದೆ ಮಾಸ್ಕಿಂಗ್ ಟೇಪು ಹಚ್ಚಿ, 12 ಮಿಲಿಮೀಟರ್ ಡ್ರಿಲ್ ಅನ್ನು ನಿಧಾನವಾಗಿ ಇಳಿಸಿದರೆ ಸಿಬಿರು ಏಳುವುದಿಲ್ಲ. ಅವಸರ ಮಾಡಿದ ಮೂರು ಕಡೆ ಕಾಗದ ಹರಿಯಿತು. ಮೂರೂ ಸಮುದ್ರದ ಮೇಲಿದ್ದವಾದ್ದರಿಂದ ನೀಲಿ ಬಣ್ಣ ತುಂಬಿ ಮುಚ್ಚಲು ಸಾಧ್ಯವಾಯಿತು.

ದೀಪಗಳು ಸರಪಳಿಯಂತೆ ಒಂದಕ್ಕೊಂದು ಪೋಣಿಸಿದ, 5 ವೋಲ್ಟಿನಲ್ಲಿ ನಡೆಯುವ ಪಿಕ್ಸೆಲ್‌ಗಳು. ಪೂರ್ಣ ಬಿಳಿಯಲ್ಲಿ ಒಂದೊಂದು ಸುಮಾರು 60 ಮಿಲಿಆಂಪಿಯರ್ ಎಳೆಯುತ್ತದೆ. ನೂರು ಸೇರಿದರೆ 6 ಆಂಪಿಯರ್. ಒಂದೇ ತುದಿಯಿಂದ ವಿದ್ಯುತ್ ಕೊಟ್ಟಾಗ ದಕ್ಷಿಣದ ದೀಪಗಳು ಬಿಳಿಯಾಗಿಯೂ ಉತ್ತರದವು ಕೆಂಪು ಬೆರೆತ ಹಳದಿಯಾಗಿಯೂ ಕಂಡವು. ಉದ್ದನೆಯ ತೆಳು ತಂತಿಯಲ್ಲಿ ವೋಲ್ಟೇಜ್ ಕುಸಿದಾಗ ಮೊದಲು ಸೋಲುವುದು ನೀಲಿ, ಆಮೇಲೆ ಹಸಿರು. ನಡುವೆ ಒಂದು, ಕೊನೆಯಲ್ಲಿ ಒಂದು ಕಡೆ ದಪ್ಪ ತಂತಿಯಿಂದ ಮತ್ತೆ ವಿದ್ಯುತ್ ಉಣಿಸಿದ ಮೇಲೆ ಬಣ್ಣ ಸಮವಾಯಿತು. ಮೊದಲ ದೀಪ ಆಗಾಗ ಮಿಣುಕುತ್ತಿದ್ದುದಕ್ಕೆ ಕಾರಣ ಬೇರೆ: ಪೈ ಕೊಡುವ ಸಂಕೇತ 3.3 ವೋಲ್ಟ್, ಪಿಕ್ಸೆಲ್ ನಿರೀಕ್ಷಿಸುವುದು 5 ವೋಲ್ಟಿನ ಸಂಕೇತ. ನಡುವೆ, ಸಂಕೇತವನ್ನು 5 ವೋಲ್ಟಿಗೆ ಏರಿಸುವ 74ಎಎಚ್‌ಸಿಟಿ125 ಎಂಬ ಚಿಪ್ ಒಂದನ್ನು ಬೆಸೆದ ಮೇಲೆ ಆ ತೊಂದರೆ ಮತ್ತೆ ಬಂದಿಲ್ಲ. ಈ ಭಾಗದಲ್ಲಿ ಹೇಳಬೇಕಾದದ್ದು ಇಷ್ಟೇ.

ಇನ್ನು ಹಕ್ಕಿಯ ಚುಕ್ಕಿಗಳು, ಅಂದರೆ ಉಪಗ್ರಹ ಗುರುತಿಸಿದ ತಾಣಗಳು. ಇಲ್ಲಿ ಉಪಗ್ರಹ ಕೆಲಸ ಮಾಡುವ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳದೆ ಮುಂದೆ ಹೋಗಲಾಗದು, ಏಕೆಂದರೆ ನನ್ನ ಎಲ್ಲ ತಪ್ಪುಗಳೂ ಅದನ್ನು ಅರ್ಧ ತಿಳಿದುಕೊಂಡದ್ದರಿಂದ ಆದವು. ನನಗೆ ಸಿಕ್ಕ ದತ್ತಾಂಶ ಆರ್ಗೋಸ್ ಎಂಬ ಉಪಗ್ರಹ ವ್ಯವಸ್ಥೆಯದು. ಫ್ರಾನ್ಸ್ ಮತ್ತು ಅಮೆರಿಕ ಸೇರಿ 1978ರಲ್ಲಿ ಆರಂಭಿಸಿದ್ದು. ಹಕ್ಕಿಯ ಬೆನ್ನಿನ ಮೇಲೆ ಸುಮಾರು 30 ಗ್ರಾಂ ತೂಕದ, ಸೌರಫಲಕವಿರುವ ಟ್ರಾನ್ಸ್‌ಮಿಟರ್ ಇರುತ್ತದೆ. ಒಂದೂವರೆ ಕಿಲೋ ತೂಗುವ ಹಕ್ಕಿಗೆ ಅದು ಶೇಕಡಾ 2ರಷ್ಟು ಹೊರೆ. ಟೆಫ್ಲಾನ್ ಪಟ್ಟಿಗಳನ್ನು ಎದೆಯ ಮೂಳೆಯ ಮೇಲೆ ಹತ್ತಿಯ ದಾರದಿಂದ ಹೊಲಿಯುತ್ತಾರೆ. ವರ್ಷಗಳು ಕಳೆದಂತೆ ದಾರ ಜೀರ್ಣವಾಗಿ ಇಡೀ ಸಾಧನ ತಾನಾಗಿ ಕಳಚಿ ಬೀಳಲಿ ಎಂಬುದು ಉದ್ದೇಶ. ಆ ಹತ್ತಿ ದಾರದ ವಿಷಯ ತಿಳಿದ ದಿನ ನನಗೆ ಈ ವಿಜ್ಞಾನಿಗಳ ಮೇಲೆ ಗೌರವ ಇಮ್ಮಡಿಯಾಯಿತು.

ಟ್ರಾನ್ಸ್‌ಮಿಟರ್ ತಾನೆಲ್ಲಿದ್ದೇನೆಂದು ಹೇಳುವುದಿಲ್ಲ. 401.65 ಮೆಗಾಹರ್ಟ್ಸ್‌ನಲ್ಲಿ ನಿಮಿಷಕ್ಕೊಮ್ಮೆ, ಒಂದು ಸೆಕೆಂಡಿಗೂ ಕಡಿಮೆ ಹೊತ್ತು ಕೂಗುತ್ತದೆ, ಅಷ್ಟೆ. ಸುಮಾರು 850 ಕಿಲೋಮೀಟರ್ ಎತ್ತರದಲ್ಲಿ ಧ್ರುವದಿಂದ ಧ್ರುವಕ್ಕೆ ಸುತ್ತುವ ಉಪಗ್ರಹ, ಹತ್ತಿರ ಬರುವಾಗ ಆ ಕೂಗನ್ನು ತುಸು ಏರಿದ ಕಂಪನಾಂಕದಲ್ಲಿಯೂ ದೂರ ಸರಿಯುವಾಗ ತುಸು ಇಳಿದ ಕಂಪನಾಂಕದಲ್ಲಿಯೂ ಕೇಳಿಸಿಕೊಳ್ಳುತ್ತದೆ. ನಿಲ್ದಾಣದಲ್ಲಿ ನಿಲ್ಲದೆ ಹಾಯ್ದುಹೋಗುವ ರೈಲಿನ ಸಿಳ್ಳು ಎದುರಿಗೆ ಬಂದ ಕೂಡಲೇ ಇಳಿಯುವುದನ್ನು ಎಲ್ಲರೂ ಕೇಳಿದ್ದೇವೆ, ಇದೂ ಅದೇ. ಈ ಏರಿಳಿತ ಹೆಚ್ಚೆಂದರೆ 9 ಕಿಲೋಹರ್ಟ್ಸ್‌ನಷ್ಟು. ಇಳಿತ ಎಷ್ಟು ಕಡಿದಾಗಿದೆ ಎಂಬುದರಿಂದ ಹಕ್ಕಿ ಉಪಗ್ರಹದ ಹಾದಿಯಿಂದ ಎಷ್ಟು ದೂರವಿದೆ ಎಂದು ಲೆಕ್ಕ ಹಾಕುತ್ತಾರೆ. ಆದರೆ ಹಾದಿಯ ಎಡಕ್ಕೋ ಬಲಕ್ಕೋ ಎಂಬುದನ್ನು ಆ ಇಳಿತವೊಂದೇ ಹೇಳಲಾರದು. ಆದ್ದರಿಂದ ಪ್ರತಿ ಲೆಕ್ಕಕ್ಕೂ ಎರಡು ಉತ್ತರಗಳಿರುತ್ತವೆ: ಒಂದು ನಿಜವಾದ ತಾಣ, ಇನ್ನೊಂದು ಅದರ ಕನ್ನಡಿ ಬಿಂಬ. ಹಳೆಯ ಕಡತಗಳಲ್ಲಿ ಎರಡನ್ನೂ ಬರೆದಿಡುತ್ತಿದ್ದರು. ಜೊತೆಗೆ ಒಂದು ದರ್ಜೆ ಇರುತ್ತದೆ: 3 ಎಂದರೆ ತಪ್ಪು 250 ಮೀಟರಿಗಿಂತ ಕಡಿಮೆ, 2 ಎಂದರೆ 500 ಮೀಟರಿನೊಳಗೆ, 1 ಎಂದರೆ 1500 ಮೀಟರಿನೊಳಗೆ, 0 ಎಂದರೆ ಅದಕ್ಕೂ ಹೆಚ್ಚು. ಎ, ಬಿ ಎಂಬ ದರ್ಜೆಗಳಿಗೆ ತಪ್ಪಿನ ಅಂದಾಜೇ ಇರುವುದಿಲ್ಲ.

ಮೊದಲು ನಾನು ದರ್ಜೆಗೊಂದು ಬಣ್ಣ ಕೊಟ್ಟಿದ್ದೆ. ನೋಡಲು ಚೆನ್ನಾಗಿತ್ತು, ಅರ್ಥವಿರಲಿಲ್ಲ. ಒಂದು ಡಿಗ್ರಿಗೆ 2 ಸೆಂಟಿಮೀಟರ್ ಇರುವ ಹಲಗೆಯಲ್ಲಿ 1500 ಮೀಟರ್ ಎಂದರೆ ಕಾಲು ಮಿಲಿಮೀಟರ್ ಚಿಲ್ಲರೆ. 3ನೆಯ ದರ್ಜೆಗೂ 1ನೆಯ ದರ್ಜೆಗೂ ಇರುವ ವ್ಯತ್ಯಾಸ ದೀಪದ ಅಗಲದೊಳಗೇ ಮುಳುಗಿಹೋಗುತ್ತದೆ. ನೋಡುಗನಿಗೆ ತಿಳಿಯಬೇಕಾದದ್ದು ಬೇರೆ: ಈ ದೀಪ ತನ್ನ ಬಲದಿಂದಲೇ ಉರಿಯುತ್ತಿದೆಯೋ, ಅಕ್ಕಪಕ್ಕದ ಚುಕ್ಕಿಗಳ ಸಾಕ್ಷಿಯಿಂದ ಉರಿಯುತ್ತಿದೆಯೋ? ಹಾಗಾಗಿ 1ನೆಯ ದರ್ಜೆ ಮತ್ತು ಅದಕ್ಕಿಂತ ಉತ್ತಮವಾದವು ಬಿಳಿ, 0, ಎ, ಬಿ ದರ್ಜೆಯವು ಹಿಂದಿನ ಮತ್ತು ಮುಂದಿನ ಚುಕ್ಕಿಗಳೆರಡಕ್ಕೂ ಹೊಂದಿದರೆ ಮಾತ್ರ ಹಳದಿ, ಉಳಿದವಕ್ಕೆ ದೀಪವಿಲ್ಲ. ದತ್ತಾಂಶ ಇಲ್ಲದ ದಿನಗಳಲ್ಲಿ ಎರಡು ಚುಕ್ಕಿಗಳ ನಡುವಿನ ದೀಪಗಳನ್ನು ಊಹೆಯಿಂದ ಬೆಳಗಿಸಬಾರದೆಂದೂ ನಿರ್ಧರಿಸಿದೆ. ಸಮಭಾಜಕ ವೃತ್ತದ ಬಳಿ ಧ್ರುವೀಯ ಉಪಗ್ರಹಗಳು ತಲೆಯ ಮೇಲೆ ಹಾಯುವುದು ಕಡಿಮೆ, ಮೇಲಾಗಿ ಟ್ರಾನ್ಸ್‌ಮಿಟರ್ ಕೆಲವು ಗಂಟೆ ಕೂಗಿ, ಬ್ಯಾಟರಿ ತುಂಬಿಕೊಳ್ಳಲು ಒಂದು ದಿನಕ್ಕೂ ಹೆಚ್ಚು ಹೊತ್ತು ಸುಮ್ಮನಿರುತ್ತದೆ. ಆದ್ದರಿಂದ ಅಮೆಜಾನ್ ಭಾಗದಲ್ಲಿ ಹಲಗೆ ಬಹಳ ಹೊತ್ತು ಕತ್ತಲಾಗಿಯೇ ಇರುತ್ತದೆ. ನೋಡಿದವರು ಕೆಟ್ಟಿದೆಯೇ ಎಂದು ಕೇಳುತ್ತಾರೆ. ಆ ಕತ್ತಲೆಯೂ ಪ್ರಯಾಣದ ಭಾಗವೇ ಎಂಬುದು ನನ್ನ ಅಭಿಪ್ರಾಯ.

ವೇಗದ ಜರಡಿ ಬರೆಯುವುದು ಸುಲಭವೆಂದುಕೊಂಡಿದ್ದೆ. ಎರಡು ಚುಕ್ಕಿಗಳ ನಡುವೆ ಗಂಟೆಗೆ 100 ಕಿಲೋಮೀಟರಿಗಿಂತ ಹೆಚ್ಚು ವೇಗ ಬೇಕಾದರೆ ಎರಡನೆಯದನ್ನು ಬಿಸಾಡು, ಇಷ್ಟೇ ನಿಯಮ. ಆದರೆ ಮೊದಲನೆಯದೇ ತಪ್ಪಾಗಿದ್ದರೆ? ಕನ್ನಡಿ ಬಿಂಬವೊಂದು ಹೀಗೆ ಮೊದಲಿಗೆ ನುಸುಳಿ, ಅದರ ಹಿಂದೆ ಬಂದ ನಾಲ್ಕು ಒಳ್ಳೆಯ ಚುಕ್ಕಿಗಳನ್ನು ನನ್ನ ಪ್ರೋಗ್ರಾಂ ಒಂದೊಂದಾಗಿ ಹೊರಹಾಕಿತ್ತು. ಇನ್ನೊಂದು ತೊಡಕು ಚಿಕ್ಕ ಅಂತರಗಳದು: ನಾಲ್ಕು ನಿಮಿಷದ ಅಂತರದಲ್ಲಿ ಸಿಕ್ಕ ಎರಡು ಚುಕ್ಕಿಗಳು ತಲಾ 5 ಕಿಲೋಮೀಟರ್ ತಪ್ಪಾಗಿದ್ದರೆ, ಕೊಂಬೆಯ ಮೇಲೆ ಕುಳಿತು ಮೀನು ತಿನ್ನುತ್ತಿರುವ ಹಕ್ಕಿಯೂ ಗಂಟೆಗೆ 150 ಕಿಲೋಮೀಟರ್ ವೇಗದಲ್ಲಿ ಹಾರಿದಂತೆ ಕಾಣುತ್ತದೆ. ಕೊನೆಗೆ ಉಳಿದ ನಿಯಮ ಹೀಗಿದೆ: 20 ನಿಮಿಷದೊಳಗಿನ ಚುಕ್ಕಿಗಳಲ್ಲಿ ಉತ್ತಮ ದರ್ಜೆಯದನ್ನು ಮಾತ್ರ ಇಟ್ಟುಕೊಳ್ಳುವುದು, ವೇಗವನ್ನು ಹಿಂದಿನಿಂದಲೂ ಮುಂದಿನಿಂದಲೂ ನೋಡಿ, ಎರಡೂ ಕಡೆ ಸೋತರೆ ಮಾತ್ರ ಕಡತದಲ್ಲಿರುವ ಎರಡನೆಯ ಉತ್ತರವನ್ನು ಪರೀಕ್ಷಿಸುವುದು, ಅದು ಹೊಂದಿದರೆ ಹಳದಿ ಬಣ್ಣದಲ್ಲಿ ತೋರಿಸುವುದು. ಅಟ್ಲಾಂಟಿಕ್ ನಡುವೆ ಒಂಟಿಯಾಗಿ ಬಿದ್ದಿದ್ದ ಒಂದು ಚುಕ್ಕಿ ಇದರಿಂದ ಕ್ಯೂಬಾಕ್ಕೆ ಬಂದು ಕುಳಿತಿತು.

ಇಷ್ಟಾದ ಮೇಲೆ ಹಲಗೆ ಮುಗಿದಂತೆಯೇ ಇತ್ತು. ಒಂದು ಸೊಗಸು ಮಾತ್ರ ಬಾಕಿ: ಸೂರ್ಯ ಮುಳುಗಿದ ಮೇಲಿನ ಚುಕ್ಕಿಗಳನ್ನು ನೀಲಿಯಾಗಿಸುವುದು. ಕೊಲಂಬಿಯಾದ ಗ್ವಹೀರಾ ಪರ್ಯಾಯದ್ವೀಪದ ತುದಿಯಿಂದ ಹಿಸ್ಪಾನಿಯೋಲದ ದಕ್ಷಿಣ ತುದಿಗೆ ಸುಮಾರು 600 ಕಿಲೋಮೀಟರ್ ತೆರೆದ ಸಮುದ್ರ. ಗಂಟೆಗೆ 40 ಕಿಲೋಮೀಟರ್ ವೇಗವೆಂದರೂ 15 ಗಂಟೆ. ನಡುವೆ ಕಾಲೂರಲು ಒಂದು ಬಂಡೆಯೂ ಇಲ್ಲ. ಬೆಳಗಾಗುತ್ತಲೇ ಹೊರಟ ಹಕ್ಕಿಯೂ ದಡ ಸೇರುವಾಗ ಕತ್ತಲಾಗಿರುತ್ತದೆ. ಆ ರಾತ್ರಿಯ ಹಾರಾಟ ಹಲಗೆಯ ಮೇಲೆ ಕಾಣಲೇಬೇಕೆಂದು ನನಗೆ ಆಸೆಯಿತ್ತು. ಚುಕ್ಕಿಯ ಅಕ್ಷಾಂಶ, ರೇಖಾಂಶ, ಸಮಯ ಕೊಟ್ಟರೆ ಸೂರ್ಯ ದಿಗಂತದ ಮೇಲಿದ್ದಾನೋ ಕೆಳಗಿದ್ದಾನೋ ಎಂದು ಹೇಳುವ ಸೂತ್ರವನ್ನು ಸೇರಿಸಿ, ದೀಪಗಳನ್ನು ಓಡಿಸಿದೆ.

ಕೆರಿಬಿಯನ್ ಮೇಲೆ ನೀಲಿ ಬಂತು. ಆದರೆ ಫ್ಲಾರಿಡಾದ ಮೇಲೂ ನೀಲಿ, ಜಾರ್ಜಿಯಾದ ಮೇಲೂ ನೀಲಿ, ಕ್ಯಾರೊಲಿನಾಗಳ ಉದ್ದಕ್ಕೂ ನೀಲಿ. ಹಕ್ಕಿ ರಾತ್ರಿಯೆಲ್ಲ ನೆಲದ ಮೇಲೆ ಹಾರಿ, ಹಗಲಿನಲ್ಲಿ ಅಲುಗಾಡದೆ ಕುಳಿತಿತ್ತು. ನಾನು ಅದನ್ನು ನಂಬಿದೆ. ಆಸ್ಪ್ರೇಗಳು ಸಮುದ್ರದ ಮೇಲೆ ರಾತ್ರಿಯೂ ಹಾರುತ್ತವೆ ಎಂದು ಓದಿದ್ದೆನಲ್ಲ, ಗೂಡಿಗೆ ಮರಳುವ ತವಕದಲ್ಲಿ ನೆಲದ ಮೇಲೂ ಹಾರುತ್ತಿರಬೇಕು ಎಂದು ವಿವರಣೆಯನ್ನೂ ಹೊಂದಿಸಿಕೊಂಡೆ. ಗ್ರೇಟ್ ಐಲೆಂಡ್‌ನ ದಂಡೆಯಲ್ಲಿ ದಶಕಗಳಿಂದ ಗೂಡು ಎಣಿಸುತ್ತಿರುವ ಹಿರಿಯರೊಬ್ಬರಿಗೆ ಇದನ್ನು ಸಂಭ್ರಮದಿಂದ ಹೇಳಿದಾಗ, ಅವರು ದೂರದರ್ಶಕದಿಂದ ಕಣ್ಣು ತೆಗೆಯದೆ ಒಂದೇ ಪ್ರಶ್ನೆ ಕೇಳಿದರು: ರಾತ್ರಿ ಹೊತ್ತು ಅದಕ್ಕೆ ಬಿಸಿಗಾಳಿ ಎಲ್ಲಿಂದ ಸಿಕ್ಕಿತು? ನೆಲದ ಮೇಲೆ ಸಾಗುವ ಆಸ್ಪ್ರೇ, ಬಿಸಿಲಿಗೆ ಕಾದ ನೆಲದಿಂದ ಮೇಲೇಳುವ ಗಾಳಿಯನ್ನೇರಿ ಸುತ್ತುತ್ತ ಎತ್ತರಕ್ಕೆ ಹೋಗಿ, ಅಲ್ಲಿಂದ ಜಾರುತ್ತ ಮುಂದೆ ಹೋಗುತ್ತದೆ. ಸೂರ್ಯನಿಲ್ಲದೆ ಆ ಏಣಿಯಿಲ್ಲ. ಅವರು ತಮ್ಮ ಎಣಿಕೆ ಮುಂದುವರಿಸಿದರು. ನಾನು ಮನೆಗೆ ಬಂದು ಕಡತ ತೆರೆದೆ.

ಸಮಯವನ್ನೇ ಮೊದಲು ಅನುಮಾನಿಸಿದೆ. ಕಡತದಲ್ಲಿರುವುದು ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ. ಇಲ್ಲಿನ ಬೇಸಗೆ ಸಮಯಕ್ಕೂ ಅದಕ್ಕೂ 4 ಗಂಟೆಯ ವ್ಯತ್ಯಾಸ. ಆದರೆ ದೋಷ 4 ಗಂಟೆಯದಾಗಿರಲಿಲ್ಲ. ಹಕ್ಕಿ ಎದ್ದು ಹೊರಡುವ ಹೊತ್ತು, ಕೂರುವ ಹೊತ್ತು ಎಲ್ಲವನ್ನೂ ಕೈಯಲ್ಲಿ ಬರೆದು ನೋಡಿದರೆ ವ್ಯತ್ಯಾಸ ಒಂಬತ್ತೂವರೆ ಗಂಟೆಯ ಆಸುಪಾಸಿನಲ್ಲಿತ್ತು. ಇಲ್ಲಿನ ಕಾಲವಲಯದ ಲೆಕ್ಕಕ್ಕೆ ಹೊಂದದ ಈ ಅಂಕಿಯನ್ನು ಮುಂದಿಟ್ಟುಕೊಂಡು ಎರಡು ಸಂಜೆ ಕುಳಿತೆ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ. 144 ಡಿಗ್ರಿ ತಿರುಗಲು 9 ಗಂಟೆ 36 ನಿಮಿಷ ಬೇಕು. 144 ಎಂದರೆ 72ರ ಎರಡು ಪಟ್ಟು. ಹಕ್ಕಿಯ ಗೂಡು ಇರುವುದು 72 ಡಿಗ್ರಿ ಚಿಲ್ಲರೆ ಪಶ್ಚಿಮದಲ್ಲಿ. ನನ್ನ ಸೂತ್ರ ಸೂರ್ಯನನ್ನು ನೋಡುತ್ತಿದ್ದುದು 72 ಡಿಗ್ರಿ ಪೂರ್ವದಿಂದ.

ಹಳೆಯ ಪಠ್ಯರೂಪದ ಕಡತದಲ್ಲಿ ಸ್ಥಳವನ್ನು ಅಂಕಿಯ ಕೊನೆಗೆ ಅಕ್ಷರ ಸೇರಿಸಿ ಬರೆಯುತ್ತಾರೆ: 12.463ಎನ್, 71.672ಡಬ್ಲ್ಯು, ಹೀಗೆ. ಡಬ್ಲ್ಯು ಎಂದರೆ ಪಶ್ಚಿಮ. ಪಶ್ಚಿಮದ ರೇಖಾಂಶವನ್ನು ಋಣ ಸಂಖ್ಯೆಯಾಗಿ ಓದಬೇಕು. ನಾನು ಬರೆದ ಸಾಲು ಅಂಕಿಗಳನ್ನಷ್ಟೇ ಆಯ್ದು ಅಕ್ಷರವನ್ನು ಕಸವೆಂದು ಗುಡಿಸಿಹಾಕಿತ್ತು. ಇದು ಮೊದಲೇ ಗೊತ್ತಾಗದಿರಲು ಕಾರಣವೂ ನಾನೇ. ಹಲಗೆಯ ಮೇಲೆ ಅಳೆಯುವಾಗ 85ರಿಂದ ರೇಖಾಂಶವನ್ನು ಕಳೆದು 2ರಿಂದ ಗುಣಿಸು ಎಂದು ಬರೆದಿದ್ದೆ. ಋಣ ಚಿಹ್ನೆ ಇಲ್ಲದ ಸಂಖ್ಯೆಗೇ ಆ ಲೆಕ್ಕ ಸರಿಹೊಂದುತ್ತದೆ. ಒಂದು ತಪ್ಪು ಇನ್ನೊಂದನ್ನು ಮುಚ್ಚಿ, ದೀಪಗಳೆಲ್ಲ ಸರಿಯಾದ ಜಾಗದಲ್ಲೇ ಉರಿಯುತ್ತಿದ್ದವು. ಸೂರ್ಯನ ವಿಷಯ ಬರುವವರೆಗೆ ಅದು ಹೊರಬೀಳುವ ದಾರಿಯೇ ಇರಲಿಲ್ಲ.

ತಿದ್ದುವ ಮೊದಲು, ತಪ್ಪು ಸಂಖ್ಯೆಗಳು ಹಕ್ಕಿಯನ್ನು ಎಲ್ಲಿಗೆ ಒಯ್ಯುತ್ತವೆಂದು ನೋಡಲು ಅವನ್ನು ಪರದೆಯ ಮೇಲಿನ ಭೂಪಟಕ್ಕೆ ಹಾಕಿದೆ. ನೋಡಿ ಬಹಳ ಹೊತ್ತು ಸುಮ್ಮನೆ ಕುಳಿತೆ. ಗ್ವಹೀರಾದ ತುದಿ ಲಕ್ಷದ್ವೀಪದ ವಾಯವ್ಯದ ಅಂಚಿಗೆ ಬಂದಿತ್ತು. ಕೆರಿಬಿಯನ್ ಸಮುದ್ರ ಅರಬ್ಬೀ ಸಮುದ್ರವಾಗಿತ್ತು. ಹಕ್ಕಿ ಮಂಗಳೂರು, ಕಾರವಾರಗಳನ್ನು ಬಲಕ್ಕೆ ದೂರದಲ್ಲಿ ಬಿಟ್ಟು ಉತ್ತರಕ್ಕೆ ಹಾರಿ, ಕೊಂಕಣದ ಮೇಲೆ ನೆಲ ಮುಟ್ಟಿ, ಕ್ಯೂಬಾದ ಪೂರ್ವ ತುದಿ ಬರಬೇಕಾದಲ್ಲಿ ನಾಸಿಕದ ಬಳಿ ಹಾಯ್ದು, ಫ್ಲಾರಿಡಾದ ಬದಲು ಪ್ರಯಾಗದ ಸಮೀಪಕ್ಕೆ ಬಂದು, ಕಾರಾಕೋರಂ ದಾಟಿ, ಫರ್ಗಾನಾ ಕಣಿವೆಯ ಅಂಚಿನಲ್ಲಿ ಗೂಡು ಸೇರಿತ್ತು. ಕಾಳಿ ಅಳಿವೆಯಿಂದ ಮಾರ್ಚ್‌ನಲ್ಲಿ ಹೊರಟುಹೋಗುತ್ತಿದ್ದ ಹಕ್ಕಿಗಳು ಎಲ್ಲಿಗೆ ಹೋಗುತ್ತವೆಂದು ಬಾಲ್ಯದಲ್ಲಿ ಯಾರಾದರೂ ಕೇಳಿದ್ದರೆ, ನಾನು ಕೈಯಿಂದ ಗೀಚುತ್ತಿದ್ದ ಗೆರೆ ಇದಕ್ಕಿಂತ ಬಹಳ ಬೇರೆ ಇರುತ್ತಿರಲಿಲ್ಲ. ಮೊದಲ ದಿನವೇ ಈ ಭೂಪಟವನ್ನು ನೋಡಿದ್ದರೆ ಇದನ್ನೂ ನಂಬುತ್ತಿದ್ದೆನೇನೋ. ಅದಕ್ಕೇ ಆ ಚಿತ್ರವನ್ನು ಉಳಿಸಿಕೊಳ್ಳದೆ ಅಳಿಸಿಬಿಟ್ಟೆ.

ಚಿಹ್ನೆಯನ್ನು ಸರಿಪಡಿಸಿ, ಹಲಗೆಯ ಸೂತ್ರವನ್ನೂ ಅದಕ್ಕೆ ತಕ್ಕಂತೆ ತಿದ್ದಿದ ಮೇಲೆ ಹಗಲು ರಾತ್ರಿಗಳು ತಮ್ಮ ತಮ್ಮ ಜಾಗಕ್ಕೆ ಬಂದವು. ಕ್ಯಾರೊಲಿನಾಗಳ ಮೇಲೆ ಬಿಳಿ ದೀಪ ಬೆಳಗಿನಲ್ಲಿ ತುಸು ತಡವಾಗಿಯೇ, ನೆಲ ಕಾದ ಮೇಲೆ ಕದಲುತ್ತದೆ. ಸಂಜೆಗೆ ಯಾವುದೋ ನೀರಿನ ಬಳಿ ನಿಂತು, ರಾತ್ರಿಯಿಡೀ ಅಲ್ಲೇ ನೀಲಿಯಾಗಿ ಇರುತ್ತದೆ. ಕೆರಿಬಿಯನ್ ಮೇಲಿನ ಐದು ರಂಧ್ರಗಳಲ್ಲಿ ಮೂರು ಬಿಳಿ, ಒಂದು ಹಳದಿ, ದಡಕ್ಕೆ ಹತ್ತಿರದ ಒಂದು ನೀಲಿ. ನಾನು ಕಾಣಬೇಕೆಂದಿದ್ದ ರಾತ್ರಿಯ ಹಾರಾಟ ಆ ಒಂದೇ ನೀಲಿ ದೀಪ. ಮಕ್ಕಳು ಅದರ ಮುಂದೆ ನಿಂತಾಗ ಅಲ್ಲಿ ಕೆಳಗೆ ಬರೀ ನೀರಿತ್ತು ಎಂದು ಹೇಳುತ್ತೇನೆ.

ಕೊನೆಯ ರಂಧ್ರವನ್ನು ಡಿಗ್ರಿಯ ಲೆಕ್ಕ ಬಿಟ್ಟು ಕೊರೆದೆ. 41 ಉತ್ತರ, 72 ಪಶ್ಚಿಮ ಎಂಬ ಬಿಂದು ಲಾಂಗ್ ಐಲೆಂಡ್‌ನ ಪೂರ್ವ ತುದಿಯ ಬಳಿ ಬೀಳುತ್ತದೆ, ನದೀಮುಖದಲ್ಲಿ ಅಲ್ಲ. ಈ ನದೀಮುಖದಲ್ಲಿ ಒಮ್ಮೆ ಸುಮಾರು 200 ಗೂಡುಗಳಿದ್ದವು. ಡಿಡಿಟಿ ಎಂಬ ಕೀಟನಾಶಕದಿಂದ ಮೊಟ್ಟೆಯ ಚಿಪ್ಪು ತೆಳುವಾಗಿ ಒಡೆದು ಅವು ಬೆರಳೆಣಿಕೆಗೆ ಇಳಿದಿದ್ದವು. ಪಕ್ಷಿ ಸಂಶೋಧಕ ಪಾಲ್ ಸ್ಪಿಟ್ಸರ್ ಮೇರಿಲ್ಯಾಂಡಿನ ಗೂಡುಗಳ ಮೊಟ್ಟೆಗಳನ್ನು ಇಲ್ಲಿಗೂ ಇಲ್ಲಿಯವನ್ನು ಅಲ್ಲಿಗೂ ಬದಲಿಸಿಟ್ಟು, ದೋಷ ಗೂಡಿನದಲ್ಲ, ತಾಯಿಯದಲ್ಲ, ಮೊಟ್ಟೆಯೊಳಗಿನದು ಎಂದು ತೋರಿಸಿದ ಜಾಗ ಇದು. 1972ರ ನಿಷೇಧದ ನಂತರ ಗೂಡುಗಳು ಮತ್ತೆ ತುಂಬಿದವು. ಅಂಥ ಊರಿನ ದೀಪ ಸುಮಾರು 40 ಕಿಲೋಮೀಟರ್ ಆಚೆ ಉರಿಯುವುದು ನನಗೆ ಒಪ್ಪಿಗೆಯಾಗಲಿಲ್ಲ. 41.27 ಉತ್ತರ, 72.34 ಪಶ್ಚಿಮಕ್ಕೆ ಅಳೆದು, 101ನೆಯ ಪಿಕ್ಸೆಲ್ ಒಂದನ್ನು ಸರಪಳಿಯ ತುದಿಗೆ ಬೆಸೆದು ಅಲ್ಲಿ ಕೂರಿಸಿದೆ.

ಹಲಗೆ ಈಗ ಊರಿನ ಗ್ರಂಥಾಲಯದ ಗೋಡೆಯ ಮೇಲಿದೆ. ಮುಂದೆ ಇದನ್ನು ಬೇರೆಯವರು ರಿಪೇರಿ ಮಾಡಬೇಕಾಗಿ ಬರಬಹುದೆಂದು ಹಿಂಬದಿಯ ಮರದ ಮೇಲೆ ಪೆನ್ಸಿಲಿನಿಂದ ನಾಲ್ಕು ಸಾಲು ಬರೆದಿದ್ದೇನೆ: ಪಿಕ್ಸೆಲ್ ಸರಪಳಿ ದಕ್ಷಿಣದಿಂದ ಉತ್ತರಕ್ಕೆ, ವಿದ್ಯುತ್ ಮೂರು ಕಡೆಯಿಂದ, ಸಮಯ ಯುಟಿಸಿ, ಪಶ್ಚಿಮ ಎಂದರೆ ಋಣ.